ಕಪಾಟಿಗೆ ಹಾಸಿದ ಕಾಗದ

ಹಸಿರು, ಅಲ್ಲ, ನೀಲಿಯೂ ಅಲ್ಲ, ಟ್ಯೂಬ್‌ಲೈಟಿಗೆ ಹಿಡಿದರೆ ಹೆಬ್ಬೆರಳುದ್ದದ ಈ ಕುಪ್ಪಿಯ ಗಾಜಿನೊಳಗೆ ಒಂದು ಗುಳ್ಳೆ, ಊದಿದವನು ರೋಮನ್ನರ ಕಾಲದವನು, ಇಸಾಬೆಲ್ ಇದ್ದಿದ್ದರೆ ಔಷಧದ ಬಾಟ್ಲಿ ಅನ್ನುತ್ತಿದ್ದಳು, ನನ್ನ ಹೆಂಡತಿ ನರ್ಸ್, ನರ್ಸ್ ಆಗಿದ್ದಳು, ಹೋಗಿ ನಾಲ್ಕು ತಿಂಗಳು — ಬೇಡ, ಪ್ರದರ್ಶನದ ಚೀಟಿ ಬರಿ ಕಜೆಟನ್, ಹನ್ನೆರಡಕ್ಕೆ ಮುದೀರ್ ಬರುತ್ತಾನೆ, ಈ ಮ್ಯೂಸಿಯಮ್ಮಿನ ದೊರೆ, ಕಣ್ಣೀರಿನ ಕುಪ್ಪಿ ಅಂತ ಬರಿ, ಜನಕ್ಕೆ ಕಥೆ ಬೇಕು, ಖಲಾಸ್ ಎಂದಿದ್ದಾನೆ, ಸರ್, ಇದರಲ್ಲಿ ಕಣ್ಣೀರು ತುಂಬುತ್ತಿರಲಿಲ್ಲ, ಸುಗಂಧದ ಎಣ್ಣೆ ಇಡುತ್ತಿದ್ದರು, ಕಣ್ಣೀರು ಹಳೇ ಪಂಡಿತರ ಕಲ್ಪನೆ ಎಂದೆ, ಇದು ಸಿಕ್ಕಿದ್ದೆಲ್ಲಿ ಎಂದೆ, ಯಾರಿಗೆ ಗೊತ್ತು, ಯಾರೋ ಮಾರಿದರು ಎಂದ. ಸಿಕ್ಕ ಜಾಗವೇ ಗೊತ್ತಿಲ್ಲದ ಮೇಲೆ ವಸ್ತು ಏನು ಹೇಳೀತು, ಗೋರಿಯಲ್ಲಿತ್ತೋ, ಕೋಣೆಯ ಗೂಡಿನಲ್ಲಿತ್ತೋ, ಕಸದ ಗುಂಡಿಯಲ್ಲೋ — ನನ್ನ ಪಿಎಚ್‌ಡಿ ಪ್ರಬಂಧ ಪೂರ್ತಿ ಅದೇ ಅಲ್ಲವೇ, ಮೊದಲಿನವರು ರೋಮಿನ ಮಡಕೆ ಚೂರು ಸಿಕ್ಕಲ್ಲೆಲ್ಲ ಜನ ರೋಮನ್ನರಂತೆ ಬದುಕಲು ಹಾತೊರೆದರು ಎಂದು ಬರೆದರು, ಆಮೇಲಿನವರು ಅಲ್ಲ ಎಂದರು, ರೋಮಿನ ವೈನ್ ಜಾಡಿಯಲ್ಲಿ ದೂರದೂರಿನ ಹೆಂಗಸೊಬ್ಬಳು ಉಪ್ಪು ತುಂಬಿಟ್ಟರೆ ಅದು ಅವಳ ಉಪ್ಪಿನ ಜಾಡಿ, ಮಾಡಿದವನನ್ನಲ್ಲ, ಬಳಸಿದವಳನ್ನು ಕೇಳಿ, ಹೀಗೆ ಇನ್ನೂರ ಹತ್ತು ಪುಟ, ಕೈಬರಹ, ನೀಲಿ ಶಾಯಿ, ಮುಗಿಯದೆ ಉಳಿದದ್ದನ್ನು ಮಂಗಳೂರಿನಿಂದ ಹೊತ್ತು ತಂದೆ, ಇಸಾಬೆಲಳಿಗೆ ಈ ಕೊಲ್ಲಿ ದೇಶದ ಆಸ್ಪತ್ರೆಯಲ್ಲಿ ಕೆಲಸ, ಅವಳ ಹೆಸರಿನ ಮೇಲೆ ನನಗೆ ಇಕಾಮಾ, ಇಲ್ಲಿರಲು ಪರವಾನಗಿ, ಅವಳು ಡ್ಯೂಟಿ ಮುಗಿಸಿ ಬಂದು ಅನ್ನಕ್ಕಿಡುವಾಗಲೂ ನಾನು ಪುಟ ತಿದ್ದುತ್ತ ಕೂತಿರುತ್ತಿದ್ದೆ, ಮೈದಾನ್ ಹವಲ್ಲಿಯ ಫ್ಲ್ಯಾಟಿಗೆ ಸಾಮಾನು ಸಾಗಿಸಿದ ವಾರ ಆ ಕಟ್ಟು ಕಾಣೆ. ಬಿಸಾಡಿದೆಯಾ ಎಂದೆ. ಇಲ್ಲ ಎಂದಳು. ನೀನೇ ಬಿಸಾಡಿದ್ದು ಎಂದೆ, ಹತ್ತೊಂಬತ್ತು ವರ್ಷದ ಹಿಂದೆ, ಮತ್ತೆ ಅವಳು ಆ ಮಾತೆತ್ತಲಿಲ್ಲ, ನಾನು ಬೇರೆ ಮಾತನ್ನೂ ಹೆಚ್ಚು ಆಡಲಿಲ್ಲ, ಮೀನು ತರಬೇಕಾ, ಮಗಳ ಶಾಲೆ, ಇಗರ್ಜಿಗೆ ಹೊತ್ತಾಯಿತು, ಅಷ್ಟೇ.

ಮೊನ್ನೆ ಶುಕ್ರವಾರ ಡೆಲ್ಮಾ ಬಂದಳು, ಮಗಳು, ಬ್ನೇದ್ ಅಲ್ ಗಾರ್‌ನ ತನ್ನ ಫ್ಲ್ಯಾಟಿನಿಂದ, ನಿಮ್ಮಿಂದ ಆಗುವುದಿಲ್ಲ ಪಪ್ಪಾ, ಮಮ್ಮಿಯ ಕಪಾಟು ನಾನೇ ಖಾಲಿ ಮಾಡ್ತೇನೆ, ನಾನು ಇಗರ್ಜಿಯಲ್ಲಿ ಪೂಜೆ ಮುಗಿಸಿ ಬರುವಷ್ಟರಲ್ಲಿ ಎಲ್ಲ ಆಗಿತ್ತು, ಯೂನಿಫಾರ್ಮ್ ಒಂದು ಚೀಲಕ್ಕೆ, ಸೀರೆ ಒಂದಕ್ಕೆ, ಬಟ್ಟೆಯಡಿಗೆ ದಪ್ಪಗೆ ಹಾಸಿದ್ದ ಕಾಗದ ಕಸಕ್ಕೆ. ಯಾವ ಕಾಗದ. ಓಲ್ಡ್ ಪೇಪರ್ಸ್ ಪಪ್ಪಾ, ನಿಮ್ಮ ಹ್ಯಾಂಡ್‌ರೈಟಿಂಗ್ ಥರ ಇತ್ತು. ಮೆಟ್ಟಿಲಿಳಿದು ಓಡಿದೆ, ಕಸದ ಲಾರಿ ಹೋಗಿತ್ತು, ತೊಟ್ಟಿಯಲ್ಲಿ ಒಂದು ಬೆಕ್ಕು ನನ್ನನ್ನೇ ನೋಡುತ್ತಿತ್ತು. ಮೇಲೆ ಬಂದರೆ ಕೆಳಗಿನ ಖಾನೆಯ ಮೂಲೆಯಲ್ಲಿ ಒಂದೇ ಹಾಳೆ ಅಂಟಿಕೊಂಡು ಉಳಿದಿತ್ತು, ಪುಟ ನೂರ ನಲವತ್ತೊಂದು, ಮಡಕೆ ಬಾಯಿಗಳ ಅಳತೆಯ ಪಟ್ಟಿ, ಅದರ ಮೇಲೆ ಪೌಡರ್ ಡಬ್ಬಿಯ ತುಕ್ಕಿನ ಉಂಗುರ. ಡೆಲ್ಮಾ, ಪುಟಗಳು ಸಾಲಾಗಿ ಇದ್ದವಾ, ನಂಬರಿನ ಪ್ರಕಾರ, ಅಡ್ಡಾದಿಡ್ಡಿ ಇದ್ದವಾ, ಹರಿದಿದ್ದವಾ, ಬರಹ ಮೇಲಿತ್ತಾ ಅಡಿಗಿತ್ತಾ. ಐ ಡಿಡ್ನ್ಟ್ ಲುಕ್ ಪಪ್ಪಾ. ನೋಡದೆ ಹೇಗೆ ತೆಗೆದೆ ನೀನು, ಕಿರುಚಿದೆ, ಮಗಳ ಮೇಲೆ ಹಾಗೆ ಎಂದೂ ಕಿರುಚಿದವನಲ್ಲ, ಹೆದರಿ ಗೋಡೆಗೆ ಸರಿದಳು, ಆಮೇಲೆ ಅವಳ ದನಿಯೂ ಏರಿತು, ನನ್ನನ್ನು ಕೇಳ್ತೀರಾ ಈಗ, ಮಮ್ಮಿ ಇದ್ದಾಗ ಕೇಳಬೇಕಿತ್ತು, ಕಪಾಟು ಇಲ್ಲೇ ಇತ್ತಲ್ಲ, ಒಂದು ದಿನವಾದರೂ ತೆರೆದು ನೋಡಿದ್ರಾ. ಬಾಗಿಲೆಳೆದುಕೊಂಡು ಹೋದಳು. ಫೋನ್ ಎತ್ತುತ್ತಿಲ್ಲ.

ಸಾಲಾಗಿ ಹಾಸಿದ್ದರೆ ಕಾಪಾಡಿದಳು, ನಾನು ಕ್ಷಮೆ ಕೇಳುವ ದಿನಕ್ಕೆ ಕಾದಳು, ಹೇಗೆಂದರೆ ಹಾಗೆ ಹಾಸಿದ್ದರೆ ಸೇಡು, ದಿನಾ ನನ್ನ ಅಕ್ಷರದ ಮೇಲೆ ಬಟ್ಟೆ ಪೇರಿಸುವ ಸಮಾಧಾನ, ಅಥವಾ ಎರಡೂ ಅಲ್ಲ, ಬರೀ ಕಾಗದ, ಜಿರಳೆ ಬಾರದಿರಲಿ ಎಂದು — ಬಳಸಿದವಳನ್ನು ಕೇಳಿ ಎಂದು ಲೋಕಕ್ಕೆಲ್ಲ ಬರೆದವನು ಒಂದೇ ಮಂಚದಲ್ಲಿ ಮಲಗಿಯೂ ಅವಳನ್ನು ಕೇಳಲಿಲ್ಲ, ಯಲ್ಲಾ, ಬೇಗ ಕಜೆಟನ್, ಮುದೀರ್ ಬಂದೇ ಬಿಟ್ಟ, ಆಯಿತೇ, ಆಯಿತು ಸರ್, ಬರೆದೆ, ಕಣ್ಣೀರಿನ ಕುಪ್ಪಿ, ಶುಕ್ರನ್, ಥ್ಯಾಂಕ್ಸ್, ಎಂದ, ಚೀಟಿ ಒಯ್ದ, ಇನ್ನು ಸಂಜೆಯಾಗುತ್ತದೆ, ಬಸ್ಸು, ಮೆಟ್ಟಿಲು, ಕೋಣೆ, ತೆರೆದೇ ಬಿಟ್ಟ ಕಪಾಟು, ಕಪ್ಪಾದ ಹಲಗೆಯ ಮೇಲೆ ಕಾಗದವಿದ್ದಷ್ಟು ಜಾಗ ಮಾತ್ರ ಬೆಳ್ಳಗೆ, ಖಾನೆಗೆ ನಾಲ್ಕು, ಅಂಚಿಗೆ ಅಂಚು ತಾಗಿ — ಅಂಚು ತಾಗಿದೆ, ಎಂದರೆ ಜೋಪಾನದಿಂದ — ಎಂದರೆ ಏನೂ ಅಲ್ಲ, ಯಾರು ಹಾಸಿದರೂ ಹಾಗೇ ಹಾಸುತ್ತಾರೆ, ನಾಲ್ಕು ಬಿಳಿ ಚೌಕ, ಅದರಡಿಯ ಖಾನೆಯಲ್ಲೂ ನಾಲ್ಕು, ಬಿಳಿ, ಖಾಲಿ, ನಾಲ್ಕು ಬಿಳಿ ಚೌಕ