ಜೋಡಿ ತಪ್ಪಿದ ತುಂಡುಗಳು

ಮಗಳು ಒಂದನೇ ತರಗತಿಯಲ್ಲಿದ್ದಾಗಲೇ ಮಾತು ಕೊಟ್ಟಿದ್ದೆ: ನೀನು ಯಾವತ್ತಾದರೂ ನಾಟಕ ಮಾಡಿದರೆ, ಪರದೆ ಏಳುವ ಮೊದಲೇ ನಾನು ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ ಅಂತ. ಈ ವರ್ಷ ಅವಳಿಗೆ ರಾಜನ ಪಾತ್ರ ಸಿಕ್ಕಿತು. ಪರದೆ ಎದ್ದ ಕೂಡಲೇ ವಿಷ ಕುಡಿದು ಸಾಯುವ ರಾಜ.

"ತಡ ಮಾಡಿದ್ರೆ ಹೆಣ ನೋಡ್ಬೇಕಾಗುತ್ತೆ ಅಮ್ಮ," ಅಂತ ಬೆಳಿಗ್ಗೆಯೇ ಎಚ್ಚರಿಸಿದ್ದಳು.

ನಾನಿರುವುದು ಎರಕದ ಕಾರ್ಖಾನೆಯ ಪರೀಕ್ಷಾಲಯದಲ್ಲಿ. ನಮ್ಮದು ಡಕ್ಟೈಲ್ ಕಬ್ಬಿಣ. ಎಳೆದರೆ ಪಟ್ಟನೆ ಮುರಿಯದೆ, ಕೊಂಚ ಹಿಗ್ಗಿ ಆಮೇಲೆ ಮುರಿಯಬೇಕು. ಪ್ರತಿ ಎರಕದ ಜೊತೆ ಹುಯ್ದ ಎರಡು ಮಾದರಿ ಸರಳುಗಳನ್ನು ಎಳೆದು ಮುರಿದು, ತುಂಡುಗಳನ್ನು ಮತ್ತೆ ಕೂಡಿಸಿಟ್ಟು, ಎಷ್ಟು ಹಿಗ್ಗಿತೆಂದು ಅಳೆಯುತ್ತೇವೆ. ಅಳೆಯುವವರು ಭಾವ, ಭಾಮೈದ ಇಬ್ಬರು, ತಲೆಗೊಂದು ಸರಳು. ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಚಹಾ ಮಾತ್ರ ಒಟ್ಟಿಗೇ ಆಗಬೇಕು.

ಅವತ್ತು ಪಂಪಿನ ಕವಚಗಳನ್ನು ಹೇರಿಕೊಂಡ ಲಾರಿ ಗೇಟಿನಲ್ಲಿ ನಿಂತಿತ್ತು. ನನ್ನ ಸಹಿ ಬಿದ್ದರೆ ಲಾರಿಯೂ ಹೊರಡುತ್ತದೆ, ನಾನೂ ಹೊರಡುತ್ತೇನೆ.

"ಇಪ್ಪತ್ತೆರಡು ಪರ್ಸೆಂಟ್," ಅಂದರು ಭಾವ.

"ಎಂಟು," ಅಂದ ಭಾಮೈದ.

ಒಂದೇ ಸಲಕ್ಕೆ ಹುಯ್ದ ಕಬ್ಬಿಣ! ಹನ್ನೆರಡಕ್ಕಿಂತ ಕಡಿಮೆಯಾದರೆ ಲಾರಿಯಲ್ಲಿರುವುದೆಲ್ಲ ವಾಪಸು ಕುಲುಮೆಗೆ.

"ಇವನು ಮುಟ್ಟಿದ್ದು ಯಾವುದು ನೆಟ್ಟಗಾಗಿದೆ ಮೇಡಂ? ನಮ್ಮನೆ ನಲ್ಲಿ ರಿಪೇರಿ ಮಾಡ್ದ, ಈಗ ಸ್ನಾನಕ್ಕೆ ಪಕ್ಕದ ಮನೆಗೆ ಹೋಗ್ತಿದೀವಿ."

"ಭಾವ ಏನಳೆದ್ರೂ ಜಾಸ್ತೀನೇ ಮೇಡಂ. ಮದುವೆಗೆ ಮುಂಚೆ ಅಕ್ಕನ ಹತ್ರ ತಮ್ಮದೇ ಎತ್ತರಾನೂ ಹಾಗೇ ಹೇಳಿದ್ರು."

"ಇನ್ನೊಂದ್ಸಲ ಅಳೀರಿ!"

ಅಳೆದರು. ಅದೇ ಇಪ್ಪತ್ತೆರಡು, ಅದೇ ಎಂಟು. ಪಟ್ಟಿ ಬದಲಾಯಿಸಿ ಅಳೆದರೂ ಅಷ್ಟೇ. ನಾನು ತಲೆ ತಗ್ಗಿಸಿ ಕೂತೆ. ಕಣ್ಣಿಗೆ ಬಿದ್ದದ್ದು ನನ್ನದೇ ಕಾಲು. ಒಂದರಲ್ಲಿ ನನ್ನ ಕಪ್ಪು ಕಾಲುಚೀಲ, ಇನ್ನೊಂದರಲ್ಲಿ ಮಗಳ ಬಿಳಿಯದು. ಬೆಳಗಿನ ಗಡಿಬಿಡಿ.

"ಮುರಿದ ಕೂಡಲೇ ಅಳೆದ್ರಾ?"

"ಇಲ್ಲ ಮೇಡಂ. ಎರಡನ್ನೂ ಮುರಿದು ಒಂದೇ ತಟ್ಟೇಲಿಟ್ಟು ಚಹಾಗೆ ಹೋದ್ವಿ. ಯಾವತ್ತೂ ಹಾಗೇ ಅಲ್ವಾ?"

ನಾಲ್ಕು ತುಂಡನ್ನೂ ಕಿತ್ತುಕೊಂಡೆ. ಎರಡು ಸರಳೂ ನಟ್ಟನಡುವೆ ಮುರಿದಿರಲಿಲ್ಲ. ಭಾವ ಉದ್ದದ ಎರಡು ತುಂಡು ಎತ್ತಿಕೊಂಡಿದ್ದರು, ಭಾಮೈದನ ಪಾಲಿಗೆ ಗಿಡ್ಡವೆರಡು. ಅದಲುಬದಲು ಮಾಡಿದೆ. ಬಾಯಿಗೆ ಬಾಯಿ ಕಚ್ಚಿ ಕೂತವು. ಹದಿನೈದು, ಹದಿನೈದು.

"ಉದ್ದದ್ದೆರಡೂ ಇವರಿಗೇ ನೋಡಿ!" ಅಂದ ಭಾಮೈದ. "ಮನೇಲಿ ಮೀನು ಬಡಿಸಿದಾಗ್ಲೂ..."

ಪೂರ್ತಿ ಕೇಳದೆ ಸಹಿ ಹಾಕಿ ಓಡಿದೆ.

ಶಾಲೆಯ ಸಭಾಂಗಣದ ಬಾಗಿಲು ತಳ್ಳಿದಾಗ ರಾಣಿ ಗೋಳಾಡುತ್ತಿದ್ದಳು. ವೇದಿಕೆಯ ನಡುವೆ ರಾಜ ಅಂಗಾತ ಬಿದ್ದಿದ್ದ. ಹೆಣ ಒಂದು ಕಣ್ಣು ತೆರೆದು ಮುಂದಿನ ಸಾಲಿನ ಖಾಲಿ ಕುರ್ಚಿಯನ್ನು ನೋಡಿತು, ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದ ನನ್ನನ್ನು ನೋಡಿತು, ಮತ್ತೆ ಸತ್ತಿತು.

ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ.