ಹತ್ತದ ಕೆಂಪು ದೀಪ

ದಸರಾ ರಜೆ ಮುಗಿದು ಕೆಲಸ ಶುರುವಾದ ದಿನ ಬೆಳಗಿನಿಂದ ಕೆಂಪು ದೀಪ ಒಮ್ಮೆಯೂ ಹತ್ತಿರಲಿಲ್ಲ. ಅದು ನನ್ನ ಗಮನಕ್ಕೆ ಬರುವಷ್ಟರಲ್ಲಿ ಮೊದಲ ಲೋಡು ಹೆಬ್ಬಾಳಕ್ಕೆ ಹೋಗಿಯಾಗಿತ್ತು.

ಹೂಟಗಳ್ಳಿಯ ಆ ಶೆಡ್ಡಿನಲ್ಲಿ ನಾವು ಏನನ್ನೂ ತಯಾರಿಸುತ್ತಿರಲಿಲ್ಲ. ಹೆಬ್ಬಾಳದ ಗೀಸರ್ ಕಂಪನಿಗೆ ಬೇರೆಲ್ಲಿಂದಲೋ ಬರುವ, ನೀರು ಕಾಯಿಸುವ ಕಾಯಿಲುಗಳನ್ನು ಪರೀಕ್ಷಿಸಿ, ಸೀಲು ಅಂಟಿಸಿ ಕಳಿಸುವುದಷ್ಟೇ ಕೆಲಸ. ಮೊದಲು ಕಂಪನಿಯೇ ಪರೀಕ್ಷಿಸುತ್ತಿತ್ತಂತೆ. ಖರ್ಚು ಉಳಿಸಲು ಮಷೀನಿನ ಸಮೇತ ಆ ಕೆಲಸವನ್ನು ನಮ್ಮ ಮಾಲೀಕ ಗುರುಸಿದ್ದಯ್ಯನವರಿಗೆ ವಹಿಸಿತ್ತು. ಕಾಯಿಲಿನ ಕರೆಂಟು ಹೊರಗಿನ ಕೊಳವೆಗೆ ಸೋರಿದರೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು. ಸೋರುವ ಕಾಯಿಲು ಗೀಸರಿನೊಳಗೆ ಕೂತರೆ ಯಾರದೋ ಮನೆಯ ಬಚ್ಚಲಲ್ಲಿ ನಲ್ಲಿ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ನನ್ನ ಸೀಲಿದ್ದರೆ ಅಲ್ಲಿ ಯಾರೂ ಮತ್ತೆ ನೋಡುವುದಿಲ್ಲ. ಬಿ.ಎಸ್ಸಿ. ಮುಗಿಸಿ ಆ ಕುರ್ಚಿಯಲ್ಲಿ ಕೂತ ದಿನದಿಂದ ನನಗೆ ಅದೇ ಭಯ.

ಹೋದ ವಾರ ಕೆಟ್ಟದ್ದೆಂದು ಬದಿಗಿಟ್ಟಿದ್ದ ಕಾಯಿಲೊಂದನ್ನು ತಂದು ಸಿಕ್ಕಿಸಿದೆ. ಹಸಿರು. ಇನ್ನೊಂದನ್ನು ಸಿಕ್ಕಿಸಿದೆ. ಅದೂ ಹಸಿರು. ಮಷೀನಿನ ಹಿಂದೆ, ಕಾಯಿಲಿನ ಕೊಳವೆಯನ್ನು ಕಚ್ಚುವ ಕ್ಲಿಪ್ಪಿನ ತಂತಿ ಸೇರುವ ಹಿತ್ತಾಳೆ ತಿರುಪನ್ನು ಬಿಚ್ಚಿದೆ. ಒಳಗೆ ವಿಭೂತಿ ಸುಣ್ಣದಂತೆ ದಪ್ಪಗೆ ಒಣಗಿ ಕೂತಿತ್ತು. ಸೋರಿದ ಕರೆಂಟು ದೀಪಕ್ಕೆ ಬರುವ ದಾರಿಯೇ ಮುಚ್ಚಿತ್ತು.

"ಮೂಗಯ್ಯ, ಇದೇನು?"

ಪೆಟ್ಟಿಗೆ ಜೋಡಿಸುತ್ತಿದ್ದ ಮೂಗಯ್ಯ ಬಂದು ಬಗ್ಗಿ ನೋಡಿದ. "ಆಯುಧಪೂಜೇಲಿ ಇಕ್ಕಿದ್ದು ಕಣಮ್ಮ. ಎಲ್ಲಾ ಬಿಚ್ಚಿ ತೊಳೆದು ಪಟ್ಟೆ ಎಳೆದೆ. ಹಿತ್ತಾಳೆ ಒಂದನ್ನೇ ಬುಟ್ಬುಟ್ರೆ ಅದಕ್ಕೆ ಬೇಜಾರಾಗಾಕಿಲ್ವಾ?"

"ತಂತಿ ಕಟ್ಟುವಾಗ ಒರೆಸಬೇಕಿತ್ತಲ್ಲ?"

"ಪೂಜೆ ವಿಭೂತಿ ಯಾರಾದ್ರೂ ಒರೆಸ್ತಾರಾ? ಅದು ತಾನಾಗೇ ಉದುರ್ಬೇಕು."

ಕೆರೆದು ಒರೆಸಿ ತಂತಿ ಕಟ್ಟಿದೆ. ಅದೇ ಕೆಟ್ಟ ಕಾಯಿಲಿಗೆ ಈಗ ಕೆಂಪು ದೀಪ ಹತ್ತಿತು.

ಗುರುಸಿದ್ದಯ್ಯನವರು ಎಲ್ಲವನ್ನೂ ಕೇಳಿಸಿಕೊಂಡರು. "ಸರಿಹೋಯ್ತಲ್ಲ. ಇನ್ನು ಮುಂದಕ್ಕೆ ನೋಡ್ಕೊಂಡ್ರಾಯ್ತು."

"ಬೆಳಿಗ್ಗೆ ಹೋದದ್ದು ಸರ್?"

"ಕಂಪನಿಯವರತ್ರ ಮಷೀನೇ ಇಲ್ಲ ಕಣಮ್ಮ. ನೀನು ಹೇಳದಿದ್ರೆ ಯಾರಿಗೆ ಗೊತ್ತಾಗುತ್ತೆ? ಹೇಳಿದ್ರೆ ಇದೊಂದು ಲೋಡಲ್ಲ, ಹಿಂದಿನದನ್ನೆಲ್ಲ ಅನುಮಾನದಿಂದ ನೋಡ್ತಾರೆ. ನಾವು ಮಾರ್ತಿರೋದು ನಂಬಿಕೆ. ಅದು ಹೋದ್ಮೇಲೆ ಈ ಶೆಡ್ಡಲ್ಲಿ ಇನ್ನೇನಿದೆ ಹೇಳು?"

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಕಂಪನಿಯ ನಾಗಾರ್ಜುನ.

"ಸರ್ವಮಂಗಳಾ ಅವರೆ, ನಿಮ್ಮ ಲೋಡನ್ನ ಸಾಯಂಕಾಲದ ಶಿಫ್ಟಿಗೆ ಫಿಟ್ಟಿಂಗಿಗೆ ಬಿಡ್ತಿದ್ದೀನಿ. ಈ ಸಲ ಒಂದೂ ರಿಜೆಕ್ಟ್ ಇಲ್ವಂತೆ. ಹಬ್ಬದ ಒಬ್ಬಟ್ಟಿನ ಮಹಿಮೇನಾ?"

ಅವರು ನಗುತ್ತಿದ್ದರು. ಗುರುಸಿದ್ದಯ್ಯನವರು ನನ್ನ ಬಾಯನ್ನೇ ನೋಡುತ್ತಿದ್ದರು.

"ಬಿಡಬೇಡಿ ಸರ್," ಎಂದೆ. ಕಾರಣವನ್ನೂ ಹೇಳಿದೆ. ಆ ಕಡೆಯ ನಗು ನಿಂತಿತು.

"ಎಷ್ಟು ದಿನದಿಂದ ಹೀಗಿದೆ?"

"ಇವತ್ತೊಂದೇ ದಿನ ಸರ್. ಪೂಜೆಗೆ ಮುಂಚೆ ಕೆಂಪು ಬರ್ತಿತ್ತು."

"ಅದನ್ನೂ ನೀವೇ ಅಲ್ವಾ ಮೇಡಂ ಹೇಳ್ತಿರೋದು?"

ಸಂಜೆಗೆ ಲೋಡು ವಾಪಸು ಬಂತು. ಜೊತೆಗೆ ನಾಗಾರ್ಜುನರೂ ಬಂದರು. ತರಿಸಿದ ಕಾಫಿ ಮುಟ್ಟದೆ ನನ್ನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತರು. ನಾನು ಒಂದೊಂದೇ ಕಾಯಿಲು ಸಿಕ್ಕಿಸತೊಡಗಿದೆ. ಹಸಿರು, ಹಸಿರು, ಮತ್ತೆ ಹಸಿರು. ಕೆಂಪು ಬಾರದಿದ್ದರೆ ಮಷೀನು ಇನ್ನೂ ಸರಿಯಿಲ್ಲವೆನ್ನುತ್ತಾರೆ. ಬಂದರೆ, ನನ್ನ ಸೀಲು ಹೊತ್ತ ಸಾವೊಂದು ಪೆಟ್ಟಿಗೆಯಲ್ಲಿತ್ತು ಎಂದಾಗುತ್ತದೆ. ಯಾವುದು ಬರಲಿ ಎಂದು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ.

ಎರಡನೆಯ ಪೆಟ್ಟಿಗೆಯ ತಳದಲ್ಲಿ ಕೆಂಪು ಹತ್ತಿತು.

ನಾಗಾರ್ಜುನ ಆ ಕಾಯಿಲನ್ನು ತಿರುಗಿಸಿ, ಸೀಲನ್ನು ಬಹಳ ಹೊತ್ತು ನೋಡಿದರು. "ನಾಳೆಯಿಂದ ನಮ್ಮವರೊಬ್ಬರು ಇಲ್ಲೇ ಕೂತಿರ್ತಾರೆ, ಗುರುಸಿದ್ದಯ್ಯನೋರೆ."

"ಕೂತ್ಕೊಳ್ಳಲಿ ಸಾರ್," ಎಂದರು ಮಾಲೀಕರು. ಸಂಜೆಯಿಂದ ನನ್ನತ್ತ ತಿರುಗದಿದ್ದವರು ಈಗಲೂ ತಿರುಗಲಿಲ್ಲ. "ಇನ್ನೂ ಪೆಟ್ಟಿಗೆ ಇದಾವೆ. ಮುಂದಿನದು ಹಾಕಮ್ಮ."

ಕೆಟ್ಟ ಕಾಯಿಲಿನ ಮೇಲಿದ್ದ ಸೀಲನ್ನು ಉಗುರಿನಿಂದ ಕಿತ್ತು, ಮುಂದಿನದನ್ನು ಕೈಗೆತ್ತಿಕೊಂಡೆ.