ಒಣಗದ ಕದ

ಬಾಗಿಲು ತಟ್ಟಿದ ಸದ್ದು. ಎರಡು ಸಲ, ಸ್ವಲ್ಪ ತಡೆದು ಇನ್ನೊಂದು ಸಲ.

ಅಲ್ಲಾಲ್ ಕದಲಲಿಲ್ಲ. ಒಳಗೆ ಹಸಿ ವಾರ್ನಿಷ್ ಇರುವಾಗ ಹೊರಗೆ ಯಾರೇ ಬಂದರೂ ಬಾಗಿಲು ತೆರೆಯಕೂಡದೆಂಬುದು ಫೆಸ್ ಪಟ್ಟಣದ ಬಡಗಿಕೇರಿಯ ಕಟ್ಟಳೆ. ಕತ್ತೆಗಳ ಓಡಾಟ ನಿಂತು ಓಣಿಯ ದೂಳು ಅಡಗಿದ ಮೇಲೆಯೇ ಅಲ್ಲಿ ಕುಂಚ ಎತ್ತುವುದು. ಯಾರೆಂದು ಕೂಗಿ ಕೇಳಿದ. ಮೆತ್ತನೆಯ ಚಪ್ಪಲಿಗಳು ಇಳಿಜಾರಿನಲ್ಲಿ ದೂರವಾದವು.

ಬೂಷ್ತಾನೇ ಇರಬೇಕೆಂದುಕೊಂಡ. ಬಾಗಿಲು ತೆರೆಸಿ ದೂಳು ನುಗ್ಗಿಸುವ ಹೂಟ.

ಬೂಷ್ತಾ ಮೂವತ್ತು ವರ್ಷಗಳ ಪಾಲುದಾರ. ರಾಳವನ್ನು ಅಗಸೆ ಎಣ್ಣೆಯಲ್ಲಿ ಕಾಯಿಸಿ ವಾರ್ನಿಷ್ ಮಾಡುವುದು ಅವನ ಕೆಲಸ, ಬಳಿಯುವುದು ಅಲ್ಲಾಲನದು. ಈಗ ಗೋಡೆಗೊರಗಿದ್ದದ್ದು ಸಂತನ ಗೋರಿಗೆ ಕೂರಿಸಬೇಕಾದ ದೇವದಾರಿನ ಜೋಡಿ ಕದ. ಬಣ್ಣವಿಲ್ಲ, ಮರದ ಎಳೆ ಎಳೆಯೂ ಕಾಣುವ ಬರಿಯ ತಿಳಿ ವಾರ್ನಿಷ್. ಬಲಗಡೆಯ ಕದ ಗಾಜಿನಂತೆ ಒಣಗಿತ್ತು. ಎಡಗಡೆಯದರಲ್ಲಿ ಮಾತ್ರ, ಆಳೆತ್ತರದಲ್ಲಿ, ಅಂಗೈಯಗಲದ ಒಂದು ಜಾಗ ಅಂಟಂಟು. ಒರೆಸಿ ಮತ್ತೆ ಬಳಿದರೂ ನಾಲ್ಕು ಬೆಳಗೂ ಅದೇ ಜಾಗ, ಅದೇ ಅಂಟು.

ಶುಕ್ರವಾರ ಬಡಗಿಗಳ ಮುಖಂಡ ಬಂದು ಕೈಯಿಟ್ಟು ನೋಡುತ್ತಾನೆ. ಕೈ ಅಂಟಿದರೆ ಅಲ್ಲಾಲನ ಕುಂಚ ಬೂಷ್ತಾನ ಪಾಲು. ಎಡಗಣ್ಣಿಗೆ ಮಂಜು ಕವಿಯುತ್ತಿರುವುದನ್ನು ಅಲ್ಲಾಲ್ ಕೇರಿಯವರಿಂದ ಮುಚ್ಚಿಟ್ಟಿದ್ದ. ಅದರ ವಾಸನೆಯೂ ಬೂಷ್ತಾನಿಗೆ ಹತ್ತಿತೇನೋ. ಮನೆಯಲ್ಲಿ ಕೂಡ ಅಂಟಿನ ಮಾತೆತ್ತಿರಲಿಲ್ಲ. ಈ ಸಂಜೆ ತಡೆಯಲಾರದೆ, ಬುತ್ತಿ ತಂದ ಹೆಂಡತಿ ತಾಮೂವಿನ ಮುಂದೆ ಹೇಳಿಕೊಂಡಾಗ ಅವಳು ರೊಟ್ಟಿ ಸುತ್ತಿದ ಬಟ್ಟೆಯನ್ನೂ ಮರೆತು ಎದ್ದುಹೋಗಿದ್ದಳು.

ಗುರುವಾರ ಬೆಳಗ್ಗೆ ಮತ್ತೆ ಅಂಟು. ಬೂಷ್ತಾ ಒಳಗೆ ಕಾಲಿಡುತ್ತಲೇ ಅಲ್ಲಾಲ್ ಕೈಚಾಚಿದ.

"ನಿನ್ನ ಹತ್ರ ಇರೋ ಕೀಲಿಕೈ ಕೊಡು. ರಾತ್ರಿ ಕದ ತಟ್ಟಿ ಕೆಡಿಸೋಕೆ ಬಂದೋನು ನೀನೇ."

ಬೂಷ್ತಾ ಸೊಂಟದಿಂದ ಬಿಚ್ಚಿ ಕೊಟ್ಟ. ಆಮೇಲೆ, ಕೆಡಿಸಲು ಬರುವವನು ಕದ ತಟ್ಟಿ ಅಪ್ಪಣೆ ಕೇಳುತ್ತಾನೆಯೇ ಎಂದು ನಕ್ಕ. ಅಲ್ಲಾಲ್ ನಗಲಿಲ್ಲ. ಆಗ ಬೂಷ್ತಾ ಉಳಿಯ ತುದಿಯಿಂದ ಅಂಟನ್ನು ಕೆರೆದು ಮೂಸಿದ, ನಾಲಿಗೆಗೆ ತಾಗಿಸಿದ.

"ಇದು ನನ್ನ ಅಗಸೆ ಎಣ್ಣೆಯಲ್ಲ ಅಲ್ಲಾಲಣ್ಣ, ಆಲಿವ್ ಎಣ್ಣೆ. ಜನ್ಮದಲ್ಲೂ ಒಣಗಲ್ಲ. ನೀನು ರಾತ್ರಿ ಬಳಿದಿದ್ದೇ ಇದರ ಮೇಲೆ."

"ಯಾರು ಹಚ್ಚಿದ್ದು?"

"ಹರಕೆಯೋರು. ಮಂಡಿ ನೋವಿದ್ರೆ ಸಂತನ ಕದಕ್ಕೆ ಮಂಡಿಯೆತ್ತರದಲ್ಲಿ ಎಣ್ಣೆ ಸವರ್ತಾರೆ, ಬೆನ್ನಾದ್ರೆ ಬೆನ್ನೆತ್ತರಕ್ಕೆ. ಇದು ನೋಡು, ಸರಿಯಾಗಿ ನಿನ್ನ ಕಣ್ಣೆತ್ತರ. ಅದೂ ಎಡಗಡೆ. ಈ ಕೇರೀಲಿ ಯಾರಿಗಪ್ಪಾ ಎಡಗಣ್ಣು ಕೆಟ್ಟಿರೋದು?"

ಅಲ್ಲಾಲ್ ಉಳಿಯನ್ನು ಕಿತ್ತುಕೊಂಡು ತಾನೂ ರುಚಿ ನೋಡಿದ. ಈ ಸಲದ ಕಾಯಿಯ ಕಹಿ; ಅದರ ಹಿಂದೆಯೇ ಕಾಡುಸೊಪ್ಪಿನ ಘಮ. ಎಣ್ಣೆಯ ಗಡಿಗೆಗೆ ಆ ಸೊಪ್ಪಿನ ಕಡ್ಡಿ ಇಳಿಸುವ ಪದ್ಧತಿ ಅವನಿಗೆ ತಿಳಿದಂತೆ ಒಂದೇ ಮನೆಯಲ್ಲಿತ್ತು. ಮಧ್ಯಾಹ್ನ ಇಬ್ಬರೂ ನಮಾಜಿಗೆ ಹೋಗುವಾಗ ಇನ್ನೊಂದು ಕೀಲಿಕೈಯನ್ನು ಹೊಸ್ತಿಲ ಸಂದಿನಲ್ಲಿ ಇಟ್ಟುಹೋಗುತ್ತಿದ್ದದ್ದು, ಬುತ್ತಿ ತರುವವರಿಗೆಂದು. ರಾತ್ರಿ ತಟ್ಟಿದ್ದು ಕೆಡಿಸಲು ಬಂದ ಕೈಯಲ್ಲ. ಹೊಸ ಪದರ ಏರುವ ಮುನ್ನ ಹೇಳಿಕೊಳ್ಳಲು ಬಂದು, ಧೈರ್ಯ ಸಾಲದೆ ಮರಳಿದ ಕೈ.

ಅವನು ಕೀಲಿಕೈಯನ್ನು ಬೂಷ್ತಾನ ಅಂಗೈಯಲ್ಲಿ ಮರಳಿ ಇಟ್ಟ. ಮರದವರೆಗೂ ಕೆರೆದು ತೆಗೆಯಬೇಕು, ಇನ್ನೊಂದು ರಾತ್ರಿ ಉಳಿದಿದೆ, ನೀನೂ ಜೊತೆಗೆ ಕೂರು ಎಂದ. ಯಾರ ಕೆಲಸವೆಂದು ಬೂಷ್ತಾ ಮತ್ತೆ ಕೇಳಿದಾಗ, ಮೊದಲ ಸಲ ತನ್ನ ಮಂಜುಗಣ್ಣನ್ನು ಅವನೆದುರು ಮುಚ್ಚಿ ತೆರೆದು ಹೇಳಿದ:

"ತಾಮೂ."